ಬ್ಯಾಟರಿಯಲ್ಲಿ ಐದು ದಿನದ ಬಿಸಿಲು

೧೯೯೬ರ ಜೂನ್. ಕತಾರಿನ ಬಿಸಿಲನ್ನು ಹಿಡಿದು ಬ್ಯಾಟರಿಯೊಳಗೆ ಕೂರಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟೆ! ತೈಲ ಕಂಪನಿಯಲ್ಲಿ ಎಂಟು ವರ್ಷ ಪಳಗಿದ ಎಲೆಕ್ಟ್ರಿಷಿಯನ್ ನಾನು. ಸೂರ್ಯ ನನಗೆ ಯಾವ ಲೆಕ್ಕ?

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ ಶಿವಗಂಗವ್ವ. ಬಾಗಲಕೋಟೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎ.ಸಿ. ಹಾಕಿದರೆ ಅವರ ಮೊಣಕಾಲು ಹಿಡಿಯುತ್ತಿತ್ತು, ಆರಿಸಿದರೆ ನಮ್ಮ ಜೀವ ಹೋಗುತ್ತಿತ್ತು. ಹಾಗಾಗಿ ಸಂಜೆ ಅಲ್ ಸದ್ದ್ ಬಡಾವಣೆಯ ನಮ್ಮ ಬಿಲ್ಡಿಂಗಿನ ತಾರಸಿ ಹತ್ತಿ ಕೂರುತ್ತಿದ್ದರು. ಅಲ್ಲಿ ಗಾಳಿಯೂ ಇಲ್ಲ, ಪ್ಲಗ್ಗೂ ಇಲ್ಲ.

“ಅತ್ತಿಯವರ, ಹಗಲಿನ ಬಿಸಲಿನಿಂದನ ನಿಮಗ ಸಂಜಿ ಗಾಳಿ ಕೊಡತೀನಿ!”

“ಮೊದಲ ಬಚ್ಚಲದ ಬಲ್ಬ್ ಹಾಕ್ರಿ. ತಿಂಗಳಾತು,” ಎಂದಳು ಹೆಂಡತಿ ಶಿವರಂಜನಿ.

ಮಹಾಕಾರ್ಯದ ನಡುವೆ ಬಲ್ಬೇ! ಕಂಪನಿಯ ಗುಜರಿಯಿಂದ ಹಳೆಯ ಸೋಲಾರ್ ಪ್ಯಾನೆಲ್, ಟ್ರಕ್ಕಿನ ಬ್ಯಾಟರಿ ಕೇಳಿ ತಂದೆ. ಮನೆಯ ಫ್ಯಾನ್ ಬ್ಯಾಟರಿಗೆ ಹೊಂದದು. ಗುಜರಿಯ ಮೂಲೆಗೆ ಬಿದ್ದಿದ್ದ ಕಾರಿನ ರೇಡಿಯೇಟರ್ ಫ್ಯಾನನ್ನೇ ಬಿಚ್ಚಿ ಸ್ಟೂಲಿಗೆ ಕಟ್ಟಿದೆ.

ಅದೇ ತಾರಸಿಯಲ್ಲಿ ಅತ್ತೆಯ ಕೆಲಸವೂ ನಡೆದಿತ್ತು. ಊರಿಂದ ಹೊತ್ತು ತಂದ ಬಿಳಿಜೋಳದ ಹಿಟ್ಟಿನ ಹಪ್ಪಳ! ಆಚೆಯ ಬೆರಳು ಕಾಣುವಷ್ಟು ತೆಳ್ಳಗೆ. “ಇದ ಕಡೀ ಸಲ, ಯವ್ವಾ. ಕೈ ನಡಗತಾವ, ಇನ್ನ ಇಂಥಾವು ಮಾಡಾಕ ಆಗಂಗಿಲ್ಲ,” ಎಂದು ಮಗಳಿಗೆ ಹೇಳಿದ್ದು ನನಗೂ ಕೇಳಿಸಿತ್ತು. ಆದರೆ ನನ್ನ ತಲೆಯ ತುಂಬ ವೈರುಗಳೇ ಓಡುತ್ತಿದ್ದವು.

ಅತ್ತೆ ಊರಿಗೆ ಹೊರಡುವ ಹಿಂದಿನ ಸಂಜೆ ಉದ್ಘಾಟನೆ ಇಟ್ಟುಕೊಂಡೆ. ಒಣಗಿ ಗರಿಗರಿಯಾದ ಹಪ್ಪಳಗಳನ್ನು ಬಿಡಿಸಿ, ಚಾದರದ ಮೇಲೆ ಹರವಿಕೊಂಡು ಅತ್ತೆ ಕೂತಿದ್ದರು.

“ಡಬ್ಬಿ ತರತೀನಿ, ಅಲ್ಲೀತನಕ ತಡೀರಿ,” ಎಂದಳು ಶಿವರಂಜನಿ.

“ನೀ ಹೋಗು, ನೀ ಬರೂದರಾಗ ಗಾಳಿ ಬಂದಿರತೈತಿ!”

ಬಂತು! ಸ್ವಿಚ್ ಒತ್ತಿದ್ದೇ ತಡ, ಅತ್ತೆಯ ಸೆರಗು ಹಾರಿತು, ಚಾದರ ಮಗುಚಿತು, ಮುನ್ನೂರು ಹಪ್ಪಳಗಳು ಗೋಡೆ ದಾಟಿ ಬೀದಿಗೆ ಮೆರವಣಿಗೆ ಹೊರಟವು! ಸ್ವಿಚ್ ಆರಿಸುವುದು ಬಿಟ್ಟು ನಾನು ಹಪ್ಪಳಗಳ ಬೆನ್ನು ಹತ್ತಿ ಮೆಟ್ಟಿಲಿಳಿದೆ. ಕೆಳಗೆ ಟ್ಯಾಕ್ಸಿಗಳು ಅವುಗಳ ಮೇಲೇ ಸಾಗುತ್ತಿದ್ದವು. ವಾಚ್‌ಮನ್ ಮೊಹಮ್ಮದ್ ಆರೇಳು ಚೂರು ಆರಿಸಿ ನನ್ನ ಅಂಗೈಗಿಟ್ಟ.

“ಬಾಕಿ?”

“ಖಲಾಸ್!”

ಮೇಲೆ ಬಂದಾಗ ಶಿವರಂಜನಿ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಇಷ್ಟು ವರ್ಷವಾದರೂ ಅದನ್ನು ನಾನು ಮರೆತಿಲ್ಲ. ಒಂದೇ ಒಂದು ನಿಮಿಷ ತಡೆಯಬಹುದಿತ್ತು.

“ತಪ್ಪಾತ್ರಿ, ಅತ್ತಿಯವರ,” ಎಂದೆ.

ಅಷ್ಟರಲ್ಲಿ ಬ್ಯಾಟರಿ ಬರಿದಾಗಿ ಫ್ಯಾನ್ ತಾನೇ ನಿಂತಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ಅದನ್ನೇ ನೋಡಿದರು.

“ಅಳಿಯಂದ್ರ, ಇದರಾಗ ಎಷ್ಟ ದಿನದ ಬಿಸಲ ತುಂಬಿದ್ರಿ?”

“ಐದ ದಿನದ್ದು ರೀ.”

“ಎಷ್ಟ ಹೊತ್ತ ಬಂತು?”

“ಹತ್ತ ನಿಮಿಷ ರೀ...”

ಅತ್ತೆ ಮೆಲ್ಲಗೆ ಚಾದರ ಮಡಚತೊಡಗಿದರು.

“ನಾನೂ ಐದ ದಿನದ ಬಿಸಲ ಹಿಡದಿದ್ನಿ. ನಂದು ಎರಡ ವರ್ಷ ಬರತಿತ್ರಿ.”