ಸಾವು ಖಾಲಿಯಿಲ್ಲ

ಕವಿತೆಯ ವಿಷಯಗಳನ್ನು ಸಾರ್ವಜನಿಕರು ಮನಬಂದಂತೆ ಬಳಸಿ ಸವೆಸುತ್ತಿರುವುದರಿಂದ, ಇನ್ನು ಮುಂದೆ ಅವನ್ನು ಕಾವ್ಯವಸ್ತು ಇಲಾಖೆಯಿಂದಲೇ ಪಡೆಯತಕ್ಕದ್ದೆಂದು ಆಜ್ಞೆಯಾಗಿತ್ತು. ಯಾರಿಗೂ ತೊಂದರೆಯಾಗಲಿಲ್ಲ. ದರ್ಜಿಯ ಹೆಂಡತಿ ತೀರಿಕೊಂಡದ್ದು ಆಮೇಲೆ.

ನೆಂಟರಿಷ್ಟರು ಸೇರುವ ದಿನ ಅವಳ ಮೇಲೆ ನಾಲ್ಕು ಸಾಲು ಓದಬೇಕೆಂದು ಅವನಿಗೆ ಆಸೆ. ಕೊರಳಿನ ಟೇಪು ತೆಗೆಯುವುದನ್ನೂ ಮರೆತು ಇಲಾಖೆಗೆ ಹೋದ.

"ಸಾವು ಬೇಕಿತ್ತು, ಸ್ವಾಮಿ."

"ಸಾವು ಖಾಲಿಯಿಲ್ಲ," ಎಂದರು ಅಧಿಕಾರಿ. "ಪೂರ್ತಿ ಹಿರಿಯ ಕವಿಗಳ ಹೆಸರಿಗಿದೆ."

"ಅವರು ಗುಂಡುಕಲ್ಲಿನ ಹಾಗಿದ್ದಾರಲ್ಲ! ದಿನಾ ಪಾರ್ಕಲ್ಲಿ ಓಡ್ತಾರೆ."

"ಅವರಿಗೆ ಅದು ಒಗ್ಗಿದೆ ಕಣಪ್ಪ."

"ಹೋಗ್ಲಿ, ಪ್ರೀತಿ ಕೊಡಿ."

"ಹೆಂಡತಿ ಇದ್ದಾರಾ?"

"ಅವಳೇ ಹೋಗಿಬಿಟ್ಳಲ್ಲ ಸ್ವಾಮಿ, ಅದಕ್ಕೇ ಬಂದೆ."

"ಹಾಗಾದ್ರೆ ಪ್ರೀತಿಗೆ ಆಧಾರವಿಲ್ಲ. ಜಂಬ ಇದೆ ನೋಡಿ, ಬೇಕಾದಷ್ಟು. ಕವಿಗಳ್ಯಾರೂ ಮುಟ್ಟಿಲ್ಲ. ಅದರ ಪರಿಚಯವೇ ಇಲ್ಲ ಅಂತಾರೆ."

ಬರಿಗೈಗಿಂತ ವಾಸಿ ಎಂದು ದರ್ಜಿ ಜಂಬವನ್ನೇ ತಂದ. ಯೋಚಿಸಿದರೆ, ಅವಳಿಗೆ ಜಂಬವೇನೂ ಕಮ್ಮಿಯಿರಲಿಲ್ಲ. ಅವನು ಮೊದಲು ಹೊಲಿದುಕೊಟ್ಟ ರವಿಕೆಯ ಒಂದು ತೋಳು ಗಿಡ್ಡವಾಗಿತ್ತು. ಇದೇ ಹೊಸ ಫ್ಯಾಶನ್ನು ಎಂದು ಬೀದಿಯೆಲ್ಲ ತಿರುಗಿದ್ದಳು. ಆಸ್ಪತ್ರೆಯಲ್ಲಿ ಏಳಲಾರದ ಸ್ಥಿತಿಯಲ್ಲೂ ನರ್ಸಮ್ಮನ ಕೈಲಿ ತಲೆ ಬಾಚಿಸಿಕೊಂಡು, "ನಮ್ಮೋರು ಬರೋ ಹೊತ್ತಾಯ್ತು" ಎನ್ನುತ್ತಿದ್ದಳು. ಅದನ್ನೇ ಬರೆದ.

ಅವನು ಓದಿ ಮುಗಿಸುವಷ್ಟರಲ್ಲಿ ಸೇರಿದವರೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪರಿಶೀಲನೆಗೆ ಬಂದಿದ್ದ ಅಧಿಕಾರಿ ಎದ್ದು ನಿಂತರು.

"ಶಾಂತರಾಗಿ. ಅಳು ಸಾವಿನ ಬಾಬ್ತು. ಜಂಬಕ್ಕೆ ನಗು ಮಾತ್ರ."

"ಸತ್ತಿರೋಳು ನನ್ನ ಅಕ್ಕ!" ಎಂದಳು ದರ್ಜಿಯ ನಾದಿನಿ. "ಅಳದೆ ಹೇಗಿರ್ಲಿ ಸ್ವಾಮಿ?"

ಅಧಿಕಾರಿ ಕಟುಕರಲ್ಲ. ತಮ್ಮ ಕಣ್ಣನ್ನೂ ಒರೆಸಿಕೊಂಡು, ವಿಶೇಷ ಸಂದರ್ಭವೆಂದು ಪರಿಗಣಿಸಿ, ನೀರು ಸುರಿಯಲು ಅಡ್ಡಿಯಿಲ್ಲ, ಶಬ್ದ ಮಾತ್ರ ನಗುವಿನದ್ದಿರತಕ್ಕದ್ದು ಎಂದು ಅಪ್ಪಣೆ ಕೊಟ್ಟರು.

ನಾದಿನಿ ಮೊದಲು ಹಹ್ಹಾ ಎಂದಳು. ಆಮೇಲೆ ಸೋದರಮಾವ, ನೆರೆಯವರು. ದರ್ಜಿ ಮಾತ್ರ ಓದಿದ ಹಾಳೆಯನ್ನು ಮಡಿಸುತ್ತ ನಿಂತಿದ್ದ. ಭಾವಮೈದುನ ಬೆನ್ನು ಸವರಿ, "ನಗಿ ಭಾವ, ನಗಿ, ಮನಸ್ಸು ಹಗುರಾಗುತ್ತೆ" ಎಂದ. ದರ್ಜಿ ನಕ್ಕ. ಹಗುರಾದಂತೆಯೂ ಅನ್ನಿಸಿತು.

ಮುಖ್ಯ ಅತಿಥಿಗಳಾಗಿ ಬಂದಿದ್ದ ಹಿರಿಯ ಕವಿಗಳೊಬ್ಬರೇ ಹಕ್ಕಿನಿಂದ ಬಾಯಿಬಿಟ್ಟು ಅಳುತ್ತಿದ್ದರು. ನಡುವೆ ಪಕ್ಕದವರತ್ತ ಬಗ್ಗಿ, "ಹೋಗಿದ್ದು ಯಾರು?" ಎಂದು ವಿಚಾರಿಸಿಕೊಂಡರು. ದರ್ಜಿ ನಗುನಗುತ್ತಲೇ ಅವರಿಗೊಂದು ಲೋಟ ನೀರು ತಂದುಕೊಟ್ಟು, ಸಮಾಧಾನ ಮಾಡುತ್ತ ಪಕ್ಕದಲ್ಲೇ ಕೂತ.