ತಲೆ ಸಮೇತ ಒಂದು ಮೀನು

ಮನುಷ್ಯನಿಗೆ ಹೇಳಿಕೊಳ್ಳಲು ಒಂದಾದರೂ ಸಾಧನೆ ಇರಬೇಕು. ಕೆಲವರಿಗೆ ಸೈಟು, ಕೆಲವರಿಗೆ ಮಕ್ಕಳ ಮಾರ್ಕ್ಸು, ಕೆಲವರಿಗೆ ಇನ್ನೂ ಶುಗರ್ ಬಾರದ ದೇಹ. ನನಗಿರುವುದು ಒಂದು ಮೀನು. ಕಡಲೆಕಾಳಿನಷ್ಟೇ ಗಾತ್ರ. ಆದರೆ ಅದರ ವಿಷಯ ನಾನು ಶುರು ಮಾಡಿದರೆ ತಿಮಿಂಗಿಲ ಕಂಡವನೂ ಎದ್ದು ಕುರ್ಚಿ ಬಿಟ್ಟುಕೊಡಬೇಕು.

ಜಪಾನಿನಲ್ಲಿ ನಾವಿರುವ ಫುನಾಬೊರಿಯ ಕನ್ನಡದ ಮನೆಗಳಲ್ಲಿ ನನಗೊಂದು ಬಿರುದಿದೆ, 'ತಲೆ ತೆಗೆಯುವ ನವೀನ'. ಹೋದ ವರ್ಷದ ಯುಗಾದಿ ಊಟದಲ್ಲಿ ಗ್ರೂಪ್ ಫೋಟೋ ತೆಗೆದವನು ನಾನು. ಒಬ್ಬಟ್ಟಿನ ತಟ್ಟೆ, ಸೀರೆಯ ಅಂಚು, ಪಂಚೆಯ ನೆರಿಗೆ ಎಲ್ಲ ಕಣ್ಣಿಗೆ ಕಟ್ಟಿದಂತೆ ಬಂದಿದ್ದವು. ಹಿಂದಿನ ಸಾಲಿನವರು ಮಾತ್ರ ಕುತ್ತಿಗೆಗೇ ಮುಗಿದುಹೋಗಿದ್ದರು. ಅಂದಿನಿಂದ ನಾನು ಮೊಬೈಲ್ ಎತ್ತಿದರೆ ಸಾಕು, ಜನ ತಲೆ ಮುಟ್ಟಿ ನೋಡಿಕೊಳ್ಳುತ್ತಾರೆ. ಈ ವರ್ಷ ಹಬ್ಬ ಹತ್ತಿರ ಬಂದಾಗ ನನ್ನ ಹೆಂಡತಿ ಮೇಘನಾ ಮೆಲ್ಲಗೆ ಹೇಳಿದಳು.

"ಈ ಸಲ ಫೋಟೋಗೆ ಬೇರೆ ಯಾರಿಗಾದ್ರೂ ಹೇಳೋಣ ಕಣೋ. ನೀನು ಪಾಯಸ ಬಡಿಸು."

ನನ್ನ ಸ್ವಾಭಿಮಾನ ಕೆರಳಿತು. ಡೈವಿಂಗ್ ಕಲಿತು ಅದಾಗಲೇ ನಾಲ್ಕು ಜನರಿಗೆ ಹೇಳಿಕೊಂಡಿದ್ದೆ. "ನೋಡು, ಸಮುದ್ರದೊಳಗೆ ಹೋಗಿ ಕಡಲೆಕಾಳಿನಷ್ಟು ಮೀನಿನ ಫೋಟೋ ತೆಗೀತೀನಿ. ಬಂದ್ರೆ ಗ್ರೂಪ್ ಫೋಟೋ ನಂದೇ."

"ತಲೆ ಸಮೇತ?"

"ತಲೆ ಸಮೇತ."

"ಡನ್. ಬರ್ದಿದ್ರೆ ಜೀವನಪೂರ್ತಿ ಪಾಯಸ."

ಆ ಮೀನಿನ ಹೆಸರು ಡಾಂಗೋ-ಉವೊ. ಇಲ್ಲಿನ ಕೊಂಬಿನಿ ಅಂಗಡಿಗಳಲ್ಲಿ ಕಡ್ಡಿಗೆ ಚುಚ್ಚಿ ಮಾರುವ ಅಕ್ಕಿಹಿಟ್ಟಿನ ಉಂಡೆಗೆ ಡಾಂಗೋ ಅನ್ನುತ್ತಾರೆ. ಇದು ಉಂಡೆ ಮೀನು. ಅದರ ಮರಿ ನೋಡಬೇಕೆಂದರೆ ಚಳಿ ಮುಗಿಯುವ ಮೊದಲು ಇಝು ಕರಾವಳಿಯ ಕೊರೆಯುವ ನೀರಿಗೆ ಇಳಿಯಬೇಕು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ನೀರು ಹೋಗದ ಡ್ರೈಸೂಟ್ ಎಳೆದುಕೊಂಡು, ಬೆನ್ನಿಗೆ ಸಿಲಿಂಡರ್ ಹೊತ್ತು, ಪಾಚಿಗಟ್ಟಿದ ಕಲ್ಲುಗಳ ಮೇಲೆ ಮೊದಲ ಸಲ ಹೈ ಹೀಲ್ಸ್ ಹಾಕಿದವರ ಹಾಗೆ ನಡೆದೆ. ನೀರಿನ ಅಂಚಿನಲ್ಲಿ ನಮ್ಮ ಗೈಡ್ ತಾನಾಬೆ-ಸಾನ್ ನನ್ನ ಮಾಸ್ಕ್ ತೋರಿಸಿ ತಲೆಬಾಗಿ ಹೇಳಿದರು, "ನವೀನ್-ಸಾನ್, ಸ್ಪಿಟ್ ಪ್ಲೀಸ್."

ಗಾಜಿನ ಒಳಗೆ ಉಗಿದು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲವಂತೆ. ನಾನೋ, ಬಾಟಲಿಗೆ ತುಟಿ ತಾಗಿಸಿದರೆ ಅಜ್ಜಿ ಬಾಟಲಿಯನ್ನೇ ಮನೆಯಿಂದ ಹೊರಗೆ ಹಾಕುತ್ತಿದ್ದ ಮನೆಯವನು. ಎತ್ತಿ ಕುಡಿದು ಬೆಳೆದ ಬಾಯಿ ಇದು. ಎಂಜಲು ಮಾಡಿ ಅದನ್ನೇ ಮುಖಕ್ಕೆ ಕಟ್ಟಿಕೊಳ್ಳುವುದೇ? ಅದೂ ಬಾಡಿಗೆ ಮಾಸ್ಕು. ಯಾರ್ಯಾರ ಎಂಜಲು ಕಂಡಿದೆಯೋ! "ಡೈಜೋಬು, ಪರವಾಗಿಲ್ಲ" ಅಂದು ಕುಡಿಯುವ ನೀರಿನಲ್ಲಿ ಮಾಸ್ಕನ್ನು ಮಡಿ ಮಾಡಿ ಹಾಕಿಕೊಂಡೆ.

ಒಳಗಿಳಿದ ಮೇಲೆ ಬಿಸಿ ಸಾರಿನ ಪಾತ್ರೆಯೊಳಗೆ ಕನ್ನಡಕ ಹಾಕಿಕೊಂಡು ಇಣುಕಿದ ಹಾಗಾಯಿತು. ತಾನಾಬೆ-ಸಾನ್ ಎಲ್ಲೋ ಬೆರಳು ತೋರಿಸುತ್ತಿದ್ದರು. ನಾನು ಆ ದಿಕ್ಕಿಗೆ ಭಕ್ತಿಯಿಂದ ಕ್ಲಿಕ್ಕಿಸುತ್ತಲೇ ಹೋದೆ. ದಡಕ್ಕೆ ಬಂದು ನೋಡಿದರೆ ಪಾಚಿ, ಮರಳು, ನನ್ನದೇ ಕೈಗವಸು. ಒಂದರಲ್ಲಿ ತಾನಾಬೆ-ಸಾನ್ ಇದ್ದರು. ತಲೆ ಇರಲಿಲ್ಲ.

ಅವರು ಬಹಳ ಹೊತ್ತು ನೋಡಿ, ನನಗೆ ಬೇಸರವಾಗಬಾರದೆಂದು, "ಊಂ... ಆರ್ಟ್" ಅಂದರು.

ಇನ್ನು ಒಂದೇ ಡೈವ್ ಬಾಕಿ. ಕಣ್ಣೆದುರು ಜೀವನಪೂರ್ತಿಯ ಪಾಯಸದ ಬಕೆಟ್ ತೂಗಾಡಿತು. ಮನಸ್ಸಿನಲ್ಲೇ ಅಜ್ಜಿಯ ಕಾಲಿಗೆ ಬಿದ್ದು ಮಾಸ್ಕಿಗೆ ಉಗಿದೆ. ಚೆನ್ನಾಗಿಯೇ ಉಗಿದೆ. ತಾನಾಬೆ-ಸಾನ್ ಚಪ್ಪಾಳೆ ತಟ್ಟಿದರು.

ಆಹಾ, ಆಗ ಕಂಡಿತು ನೋಡಿ! ಕೆಂಪು ಪಾಚಿಯ ಎಲೆಗೆ ಹೊಟ್ಟೆ ಅಂಟಿಸಿಕೊಂಡು ಕೂತ ಪುಟಾಣಿ ಉಂಡೆ. ನೆತ್ತಿಯ ಮೇಲೆ ಬಿಳಿ ಉಂಗುರ. ಆ ಉಂಗುರ ಮರಿಗಳಿಗೆ ಮಾತ್ರ ಇರುತ್ತದೆ. ಅಲೆ ಬಂದರೆ ಅದು ಎಡಕ್ಕೆ, ನಾನು ಬಲಕ್ಕೆ. ಚಳಿಗೆ ನನ್ನ ಬೆರಳುಗಳು ಇವೆಯೋ ಇಲ್ಲವೋ ಗೊತ್ತಿಲ್ಲ. ಒಂದು ಕ್ಷಣ ಇಬ್ಬರೂ ನಿಂತೆವು. ಅದು ನನ್ನನ್ನು ನೋಡಿತು. ಕ್ಲಿಕ್. ಎರಡು ಕಣ್ಣು, ಬಾಯಿ, ಉಂಗುರ, ಎಲ್ಲ ಫೋಕಸ್ಸಿನಲ್ಲಿ! ಖುಷಿಗೆ ನೀರೊಳಗೇ ಕೂಗಿದ್ದಕ್ಕೆ ಬಾಯಿಂದ ಗಾಳಿಯ ಕೊಳವೆ ಕಳಚಿಬೀಳುವುದರಲ್ಲಿತ್ತು.

ಮೇಘನಾ ಫೋಟೋ ದೊಡ್ಡದು ಮಾಡಿ ನೋಡಿದಳು. "ಅಯ್ಯೋ, ಎಷ್ಟು ಮುದ್ದಾಗಿದೆಯೋ! ತಲೆ ಇದೆ ಕಣೋ! ಮೈ ಎಲ್ಲಿ?"

"ಅದಕ್ಕೆ ಹೆಚ್ಚುಕಮ್ಮಿ ತಲೆನೇ ಮೈ."

"ಅದಕ್ಕೇ ನಿನಗೆ ಬಂದಿರೋದು" ಅಂದಳು. ಆದರೂ ಮಾತಿಗೆ ತಪ್ಪಲಿಲ್ಲ.

ಯುಗಾದಿಯ ದಿನ ನಾನು ಎದೆಯುಬ್ಬಿಸಿ ಎಲ್ಲರನ್ನೂ ನಿಲ್ಲಿಸಿದೆ. ಸಮುದ್ರದಲ್ಲಿ ಕಲಿತದ್ದನ್ನೆಲ್ಲ ಬಳಸಿದೆ: ಹತ್ತಿರ ಹೋಗು, ಕಣ್ಣಿಗೆ ಫೋಕಸ್ ಮಾಡು, ಚೌಕಟ್ಟು ತುಂಬಿಸು. ಒಂದು ತಲೆಯೂ ತಪ್ಪಲಿಲ್ಲ. ಹಿಂದಿನ ಸಾಲಿನವರ ರೆಪ್ಪೆಯ ಕೂದಲು ಕೂಡ ಎಣಿಸಬಹುದಿತ್ತು.

"ಏನೋ ಇದು!" ಮೇಘನಾ ಕಿರುಚಿದಳು. "ಬರೀ ತಲೆಗಳು! ಬೆಳಗ್ಗೆಯಿಂದ ಒದ್ದಾಡಿ ಕಾಂಚೀಪುರಂ ಉಟ್ಟಿದ್ದೀನಿ, ಒಂದು ಇಂಚು ಸೀರೆ ಇಲ್ಲ!"

ಸುತ್ತಲಿದ್ದ ಅಷ್ಟೂ ರೇಷ್ಮೆ ಸೀರೆಗಳು ನನ್ನ ಕಡೆ ತಿರುಗಿದವು. ನಾನು ಸದ್ದಿಲ್ಲದೆ ಹೋಗಿ ಪಾಯಸದ ಬಕೆಟ್ ಎತ್ತಿಕೊಂಡೆ.

ಮೀನಿನ ಫೋಟೋ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ. ಮನೆಗೆ ಬಂದವರಿಗೆ ಅದನ್ನು ತೋರಿಸದೆ ನಾನು ನೀರೂ ಕೊಡುವುದಿಲ್ಲ. ನನ್ನ ಕ್ಯಾಮೆರಾ ಎದುರು ನಿಂತ ಇಷ್ಟು ಜನರಲ್ಲಿ ಇವತ್ತಿನವರೆಗೂ ದೂರು ಹೇಳದಿರುವುದು ಅದೊಂದೇ.