ರಂಗಧಾಮಯ್ಯನವರ ವಾಯುಪಡೆಗೆ ಒಂದು ತಿದ್ದುಪಡಿ

ಆಯುಧಪೂಜೆಯ ದಿನ ಜನ ಕಾರಿಗೆ, ಬೈಕಿಗೆ, ಹೊಲಿಗೆ ಮೆಷಿನ್ನಿಗೆ, ಕೊನೆಗೆ ಈಳಿಗೆಮಣೆಗೂ ಪೂಜೆ ಮಾಡುತ್ತಾರೆ. ಯಲಹಂಕದ ರಂಗಧಾಮಯ್ಯನವರು ನೂರ ನಲವತ್ತಮೂರು ಯುದ್ಧವಿಮಾನಗಳಿಗೆ ಪೂಜೆ ಮಾಡುತ್ತಿದ್ದರು. ಎಲ್ಲವೂ ಲೋಹ ಎರೆದು ಮಾಡಿದ ಅಂಗೈಯಗಲದ ಡೈಕಾಸ್ಟ್ ಮಾದರಿಗಳೇ ಅನ್ನಿ, ಆದರೆ ಶಾಸ್ತ್ರದಲ್ಲಿ ರಿಯಾಯಿತಿ ಇಲ್ಲ. ಗಾಜಿನ ಶೋಕೇಸಿನಿಂದ ಒಂದೊಂದನ್ನೇ ಇಳಿಸಿ, ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬೆಂಕಿಕಡ್ಡಿಯ ತುದಿಯಿಂದ ಮೂತಿಗೆ ಗಂಧ ಕುಂಕುಮ ಇಡಬೇಕು. ಚಕ್ರದಡಿ ನಿಂಬೆಹಣ್ಣು ಹಿಡಿಸುವುದಿಲ್ಲವಾದ್ದರಿಂದ ಒಂದೊಂದು ನಿಂಬೆಬೀಜ. ಮೇಜು ಹೀಗೆ ಹೋದ ಮೇಲೆ ಹಬ್ಬದ ಊಟಕ್ಕೆ ಹೆಂಡತಿ ಪದ್ಮಾವತಮ್ಮ ಅಡುಗೆಮನೆಯ ನೆಲದ ಮೇಲೆ ಬಾಳೆಎಲೆ ಹಾಸುತ್ತಿದ್ದರು, ಗೊಣಗುತ್ತಲೇ.

ಸಾಲಿನ ತುದಿಯಲ್ಲಿ ಒಂದು ಪುಟ್ಟ ಹಳದಿ ತರಬೇತಿ ವಿಮಾನ. ಒಂದು ಚಕ್ರ ಇಲ್ಲ, ಬಣ್ಣ ಅರ್ಧ ಹೋಗಿದೆ. ವಾಯುನೆಲೆಯಲ್ಲಿ ಇಂಧನದ ಟ್ಯಾಂಕರ್ ಓಡಿಸುತ್ತಿದ್ದ ಅಪ್ಪ ಇವರಿಗೆ ಏಳು ವರ್ಷವಿದ್ದಾಗ ತಂದುಕೊಟ್ಟದ್ದು. ಅಪ್ಪ ಬೇರೇನೂ ತಂದುಕೊಟ್ಟ ನೆನಪಿಲ್ಲ. ಉಳಿದ ನೂರ ನಲವತ್ತೆರಡೂ ಹೋದರೆ ಎರಡು ದಿನ ಊಟ ಬಿಡುತ್ತೇನೆ, ಇದೊಂದು ಹೋದರೆ ನನ್ನನ್ನು ಮಾತಾಡಿಸಲೇಬೇಡ ಎಂದು ಹೆಂಡತಿಗೆ ಹೇಳಿಬಿಟ್ಟಿದ್ದರು.

ಅವರಿಗೆ ಇನ್ನೊಂದು ಚಟವಿತ್ತು. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಕೈ, ಸುಮ್ಮನಿರುತ್ತದೆಯೇ? ಸುದ್ದಿಯಲ್ಲಿ ಜಾಗ್ವಾರ್ ಯುದ್ಧವಿಮಾನ ಎಂದು ಹೇಳಿ ಮಿರಾಜಿನ ಚಿತ್ರ ತೋರಿಸಿದರೆ ಅವತ್ತೇ ಪತ್ರ ಹೋಗುತ್ತಿತ್ತು. ಗುಡುಗು ಟಿವಿ ಎಂಬ ಚಾನೆಲ್ ಒಂದಕ್ಕೇ ಇನ್ನೂರ ಹನ್ನೊಂದು ಪತ್ರ. ಫೋನು ಬೇರೆ. ಅಷ್ಟಾದರೂ ಆ ಪುಣ್ಯಾತ್ಮರು ಒಂದು ತಿದ್ದುಪಡಿಯನ್ನೂ ಹಾಕಿರಲಿಲ್ಲ.

ಈ ಸಲದ ಹಬ್ಬಕ್ಕೆ ಪದ್ಮಾವತಮ್ಮನ ತಮ್ಮ ಮುಕುಂದ ಬೆಳಗ್ಗೆಯೇ ಬಂದಿಳಿದ. ಕಂಕುಳಲ್ಲಿ ಒಂದು ಹಳೇ ಇಡ್ಲಿ ಕುಕ್ಕರ್, ಅದರ ಮೇಲೆ ಕೊಡೆಕಡ್ಡಿಗಳು, ಮುಂದೆ ಒಂದು ಗುಂಡನೆಯ ಸ್ವಿಚ್ಚು. ಮುಕುಂದ ಬಂದನೆಂದರೆ ಯಂತ್ರ ಬಂತು, ಯಂತ್ರ ಬಂತೆಂದರೆ ಏನೋ ಒಂದು ಹಾಳಾಯಿತು ಎಂದೇ ಆ ಮನೆಯ ಲೆಕ್ಕ.

"ಭಾವ, ನಿಮ್ಮ ವಿಮಾನಗಳು ಸುಮ್ನೆ ನಿಂತು ಧೂಳು ಕುಡೀತಾವೆ. ಇನ್ಮೇಲೆ ಸುದ್ದೀಲಿ ಏನಾಗುತ್ತೋ ಅದನ್ನೇ ಮಾಡ್ತಾವೆ, ನೋಡ್ತಿರಿ."

"ಇವು ಸತುವಿನ ಮಿಶ್ರಲೋಹ ಕಣಯ್ಯ. ಅಯಸ್ಕಾಂತ ಹಿಡಿಯಲ್ಲ," ಎಂದರು ರಂಗಧಾಮಯ್ಯ.

"ಅಯಸ್ಕಾಂತ ಯಾರಿಗ್ ಬೇಕು? ನಂದು ತೂಕ ಕಳೆಯೋ ಅಲೆ. ಟಿವಿ ಹೇಳಿದ್ದನ್ನ ಕೇಳಿಸ್ಕೊಳುತ್ತೆ, ನಂಬುತ್ತೆ, ಮಾಡಿಸುತ್ತೆ. ಗುಡುಗು ಟಿವಿಗೆ ಹೊಂದಿಸಿದೀನಿ."

"ಅದನ್ನ ನಂಬೋ ಯಂತ್ರ ಮಾಡಿದೀಯಾ? ನಿನ್ ಬುದ್ಧಿಗಿಷ್ಟು!"

ಅಷ್ಟರಲ್ಲಿ ಸ್ವಿಚ್ಚು ಒತ್ತಿಯಾಗಿತ್ತು. ಮನೆಗೆ ಹೊಸ ಯಂತ್ರ ಬಂದಿದೆ, ಹಬ್ಬದ ದಿನ ಬರಿದಾಗಿಡಬಾರದು ಎಂದು ಪದ್ಮಾವತಮ್ಮ ಅದಕ್ಕೂ ಪೂಜೆ ಮಾಡಿದರು. ಗುಂಡನೆಯ ಸ್ವಿಚ್ಚು ಹಣೆಯಂತೆ ಕಂಡಿದ್ದರಿಂದ ಅಲ್ಲಿಗೇ ದಪ್ಪನಾಗಿ ಗಂಧ ಮೆತ್ತಿ, ಕುಂಕುಮವಿಟ್ಟು, ಚೆಂಡುಹೂ ಸಿಕ್ಕಿಸಿದರು.

ಹನ್ನೊಂದರ ಸುದ್ದಿ ಶುರುವಾಯಿತು. ಮೂರು ಸುಖೋಯ್ ವಿಮಾನಗಳು ನಗರದ ಮೇಲೆ ತಾಲೀಮು ನಡೆಸಿದವು ಎಂದಳು ವಾರ್ತೆ ಓದುವವಳು. ಮೇಜಿನ ಮೇಲಿದ್ದ ಮೂರು ಸುಖೋಯ್‌ಗಳು ನಿಂಬೆಬೀಜ ಬಿಟ್ಟು ಮೆಲ್ಲಗೆ ಎದ್ದು, ಸೋಫಾದ ಮೇಲೆ ಸುತ್ತು ಹಾಕಿ, ಫ್ಯಾನಿಗೆ ತಾಗದಂತೆ ವಾಲಿ, ಬಂದು ಕೂತವು. ರಂಗಧಾಮಯ್ಯನವರ ಕಣ್ಣು ತುಂಬಿತು.

"ಮುಕುಂದ, ನಿನ್ನ ನಾನು ಏನೇನೋ ಅಂದ್ಕೊಂಡಿದ್ದೆ," ಎಂದರು.

ಇನ್ನೂ ಸ್ವಲ್ಪ ಹೊತ್ತು ಹಾಗೇ ಅಂದುಕೊಂಡಿದ್ದರೆ ಚೆನ್ನಾಗಿತ್ತು. ಮುಂದಿನ ಸುದ್ದಿ, ಆಕಾಶದಲ್ಲೇ ಇಂಧನ ತುಂಬಿಸುವ ಅಭ್ಯಾಸ. ದಪ್ಪನೆಯ ಟ್ಯಾಂಕರ್ ವಿಮಾನ ನೇರ ಅಡುಗೆಮನೆಗೆ ಹೋಗಿ, ಒಬ್ಬಟ್ಟಿಗೆಂದು ಕರಗಿಸಿಟ್ಟಿದ್ದ ತುಪ್ಪದಲ್ಲಿ ಮುಳುಗೆದ್ದು, ನಡುಮನೆಗೆ ಬಂದು ನಾಲ್ಕು ಜೆಟ್‌ಗಳಿಗೆ ಹಂಚಿತು. ಅರ್ಧ ಮುಕುಂದನ ತಲೆಗೆ ಬಿತ್ತು. ಆಮೇಲೆ ಹಳೇ ವಿಮಾನಗಳ ನಿವೃತ್ತಿ, ಅವಕ್ಕೆ ನೀರು ಚಿಮ್ಮಿಸಿ ಜಲವಂದನೆ. ಎರಡು ಹೆಲಿಕಾಪ್ಟರುಗಳು ಹೂವಿಗೆ ಚಿಮುಕಿಸಲು ಇಟ್ಟಿದ್ದ ನೀರಿನ ತಂಬಿಗೆಯನ್ನು ಎತ್ತಿದವು. ವಂದನೆ ಸಂದದ್ದು ಪದ್ಮಾವತಮ್ಮನ ಹೊಸ ರೇಷ್ಮೆ ಸೀರೆಗೆ.

"ಆಫ್ ಮಾಡೋ ಅದನ್ನ!" ಎಂದು ಪದ್ಮಾವತಮ್ಮ ಕೂಗಿದರು.

ಮುಕುಂದ ಸ್ವಿಚ್ಚು ಒತ್ತಿದ. ಅದು ಜಗ್ಗಲಿಲ್ಲ. ಫ್ಯಾನಿನ ಗಾಳಿಗೆ ಗಂಧ ಒಣಗಿ ಗಾರೆಯಾಗಿತ್ತು.

"ಉಗುರು ಹಾಕಿ ಕೆರೀಬೇಡ, ಪೂಜೆ ಮಾಡಿರೋದು," ಎಂದು ಅಕ್ಕ ಗದರಿದರು.

ಆಗಲೇ ಟಿವಿ ಕೆಂಪಾಗಿ, ಡೋಲು ಬಡಿದು, ಕಿರುಚಿತು. ತರಬೇತಿ ವಿಮಾನ ನಾಪತ್ತೆ! ಸಂಪರ್ಕ ಕಡಿತ!

ಹಳದಿ ವಿಮಾನ ಅಲುಗಿತು. ರಂಗಧಾಮಯ್ಯ ಕೈ ಚಾಚುವಷ್ಟರಲ್ಲಿ ಎದ್ದು, ಒಂದು ಪಕ್ಕಕ್ಕೆ ವಾಲಿಕೊಂಡೇ ಕಿಟಕಿಯ ಸರಳುಗಳ ನಡುವೆ ತೂರಿ ಹೋಯಿತು. ಇವರು ಬೀದಿಗೆ ಓಡಿದರು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹಳದಿ ಚುಕ್ಕೆ ಒಮ್ಮೆ ಕಂಡು ಮಾಯವಾಯಿತು. ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು.

"ಅಪ್ಪ ಕೊಟ್ಟಿದ್ದು ಕಣೋ," ಎಂದರು. ಮುಕುಂದ ತುಪ್ಪದ ತಲೆ ತಗ್ಗಿಸಿದ.

ಪದ್ಮಾವತಮ್ಮ ಟಿವಿ ಆರಿಸಲು ಹೋದರೆ ಅವನೇ ತಡೆದ. "ಬೇಡಕ್ಕ. ಆರಿಸಿದ್ರೆ ಕೊನೇ ಸುದ್ದಿ ಹಾಗೇ ಉಳಿದುಬಿಡುತ್ತೆ. ಸಿಕ್ತು ಅಂತ ಅವರ ಬಾಯಲ್ಲೇ ಬರ್ಬೇಕು."

ಅವರ ಬಾಯಲ್ಲಿ ಏನು ತಾನೇ ಬರಲಿಲ್ಲ? ಎಂಟು ಜನ ಪಂಡಿತರು ಚರ್ಚೆಗೆ ಕೂತರು. ಒಬ್ಬರು ದಕ್ಷಿಣಕ್ಕೆ ಹೋಗಿದೆ ಎಂದರು, ಇನ್ನೊಬ್ಬರು ಉತ್ತರಕ್ಕೆ ಎಂದರು. ನಡುಮನೆಯ ತುಂಬ ವಿಮಾನಗಳು ಎಂಟು ಗುಂಪಾಗಿ ಎಂಟು ಕಡೆ ನುಗ್ಗಾಡಿದವು. ಅಂಥ ವಿಮಾನವೇ ಇರಲಿಲ್ಲ ಎಂದು ಒಬ್ಬ ಮಹಾನುಭಾವ ಬಾಯಿ ತೆರೆದಾಗ, ಯಂತ್ರ ಇದನ್ನೂ ನಂಬಿಬಿಟ್ಟರೆ ಎಂದು ರಂಗಧಾಮಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು.

ಅವರು ಫೋನು ತೆಗೆದರು. ವಿಮಾನ ನೋಡುವ ಹುಚ್ಚಿರುವವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೋ ಹಾಕಿದ್ದರು. ಮೋಡ ಕವಿದ ಕಾರಣ ಆ ತರಬೇತಿ ವಿಮಾನ ಹತ್ತಿರದ ಬೇರೊಂದು ರನ್‌ವೇಯಲ್ಲಿ ಇಳಿದು ಆಗಲೇ ಅರ್ಧ ಗಂಟೆಯಾಗಿತ್ತು. ಬಾಲದ ಮೇಲಿನ ಸಂಖ್ಯೆಯೂ ಕಾಣುತ್ತಿತ್ತು. ಗುಡುಗು ಟಿವಿ ಎಂದಿನಂತೆ ತಪ್ಪಿತ್ತು! ರಂಗಧಾಮಯ್ಯನವರಿಗೆ ಆ ತಪ್ಪಿನ ಮೇಲೆ ಮೊದಲ ಬಾರಿಗೆ ಪ್ರೀತಿ ಬಂತು. ಚಾನೆಲ್ಲಿಗೆ ಫೋನು ಹಚ್ಚಿದರು.

ಸುದ್ದಿ ಡೆಸ್ಕಿನಲ್ಲಿದ್ದ ಜೆಸಿಂತಾ ಮೇಡಂ ದನಿ ಕೇಳಿಯೇ ಗುರುತು ಹಿಡಿದರು. "ಹೇಳಿ ಸರ್. ಇವತ್ತು ಮಿರಾಜಾ, ಜಾಗ್ವಾರಾ?"

"ಇವತ್ತು ಜಗಳ ಇಲ್ಲಮ್ಮ. ಬೇಡ್ಕೋತಾ ಇದೀನಿ. ಆ ವಿಮಾನ ಇಳಿದಿದೆ. ಫೋಟೋ ಕಳಿಸಿದೀನಿ. ವಿಚಾರಿಸಿ, ನಿಜವಾದ್ರೆ ಹಾಕಿ. ನನಗೆ ತುಂಬಾ ಬೇಕಾದ್ದು ಅದು."

ಆ ಕಡೆ ಐದು ನಿಮಿಷ ವಿಚಾರಣೆ ನಡೆಯಿತು. ಆಮೇಲೆ ಮೇಡಂ ಮತ್ತೆ ಫೋನಿಗೆ ಬಂದರು. "ನಿಜ ಸರ್. ನಿಮ್ಮ ಅಷ್ಟೂ ಪತ್ರ ಓದಿರೋಳು ನಾನೊಬ್ಳೇ. ಒಂದ್ಸಲಾನೂ ನೀವು ತಪ್ಪಿಲ್ಲ. ಆದ್ರೆ ನಮ್ಮಲ್ಲಿ ಯಾರೂ ತಿದ್ದುಪಡಿ ಬರೆದೇ ಇಲ್ವಲ್ಲ. ಹೇಗೆ ಬರೀತಾರೆ?"

ಮೂವತ್ತು ವರ್ಷದ ಅನುಭವ ಅವತ್ತು ಕೆಲಸಕ್ಕೆ ಬಂತು. ರಂಗಧಾಮಯ್ಯ ನೆಟ್ಟಗೆ ಕೂತು ಹೇಳಿ ಬರೆಸಿದರು.

"ರೀ, 'ಮನೆಗೆ ವಾಪಸ್ ಬಂತು' ಅಂತ ಸೇರಿಸಿ," ಎಂದು ಪದ್ಮಾವತಮ್ಮ ಕಿವಿಯಲ್ಲಿ ಉಸುರಿದರು.

"ಸುಳ್ಳಾಗುತ್ತೆ ಕಣೇ," ಎಂದರು. ಕಣ್ಣಲ್ಲಿ ನೀರಿತ್ತು, ಆದರೂ ಸೇರಿಸಲಿಲ್ಲ.

ಚರ್ಚೆ ನಿಂತಿತು. ವಾರ್ತೆ ಓದುವವಳು ತಡವರಿಸುತ್ತಾ ಓದಿದಳು. "ತರಬೇತಿ ವಿಮಾನ ಹತ್ತಿರದ ಬೇರೊಂದು ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿದಿದೆ. ತಪ್ಪಿಗೆ ವಿಷಾದಿಸುತ್ತೇವೆ."

ಮುಕುಂದನ ಯಂತ್ರದ ಕುಕ್ಕರು ಒಮ್ಮೆ ಸೀಟಿ ಹಾಕಿತು. ಮೂವರೂ ಕಿಟಕಿ ನೋಡುತ್ತಾ ನಿಂತರು. ಅಷ್ಟರಲ್ಲಿ ಹಿತ್ತಲ ಬಾಗಿಲ ಕಡೆಯಿಂದ ಸಣ್ಣ ಗುಂಯ್‌ಗುಡುವ ಸದ್ದು. ಹಳದಿ ವಿಮಾನ ಅಡುಗೆಮನೆಗೆ ಬಂದು, ತಗ್ಗಿ, ನೆಲದ ಮೇಲೆ ರನ್‌ವೇಯಂತೆ ಉದ್ದಕ್ಕೆ ಹಾಸಿದ್ದ ಬಾಳೆಎಲೆಯ ಮೇಲೆ ಉಳಿದ ಚಕ್ರಗಳಲ್ಲೇ ಇಳಿದು, ಜಾರುತ್ತಾ ಹೋಗಿ, ಉಪ್ಪಿಗೆ ಒಂದಂಗುಲ ಈಚೆ ನಿಂತಿತು. ರಂಗಧಾಮಯ್ಯ ಅಲ್ಲೇ ನೆಲಕ್ಕೆ ಕೂತು ಅದನ್ನು ಎದೆಗೊತ್ತಿಕೊಂಡರು. ಅಬ್ಬ, ಬಂತು ಎಂದು ಪದ್ಮಾವತಮ್ಮ ಒದ್ದೆ ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ನಡುಮನೆಯಲ್ಲಿ ಉಳಿದವೂ ತಂತಮ್ಮ ನಿಂಬೆಬೀಜಕ್ಕೆ ಮರಳಿದವು.

ಮರುದಿನ ಮುಕುಂದ ಗಂಧ ಕೆರೆದು, ಯಂತ್ರ ಆರಿಸಿ, ಎಲ್ಲವನ್ನೂ ಪರೀಕ್ಷಿಸಿ, ಮತ್ತೆ ಹಚ್ಚಿದ. ಒಂದು ವಿಮಾನವೂ ಅಲುಗಲಿಲ್ಲ. ಒಮ್ಮೆ ವಿಷಾದ ಕೇಳಿಸಿಕೊಂಡ ಯಂತ್ರ, ಅದಾದ ಮೇಲೆ ಪ್ರತಿ ಸುದ್ದಿಗೂ ತಿದ್ದುಪಡಿ ಬರಲೆಂದು ಕಾದು ಕೂತುಬಿಟ್ಟಿತ್ತು. ಅದು ಬರುವುದಿಲ್ಲ, ಹಾಗಾಗಿ ವಿಮಾನಗಳೆಲ್ಲ ಇವತ್ತಿಗೂ ಶೋಕೇಸಿನಲ್ಲಿ ಕ್ಷೇಮವಾಗಿವೆ.

ಅಂದ ಹಾಗೆ, ಆ ತಿದ್ದುಪಡಿಯ ಜೊತೆ ಗುಡುಗು ಟಿವಿಯವರು ತೋರಿಸಿದ್ದು ಒಂದು ಹೆಲಿಕಾಪ್ಟರಿನ ಚಿತ್ರ. ರಂಗಧಾಮಯ್ಯನವರು ನೋಡಿದರು. ಅದೊಂದಕ್ಕೆ ಮಾತ್ರ ಪತ್ರ ಬರೆಯಲಿಲ್ಲ.